ಮೂರು ಒಲೆ, ಎರಡು ಸಾರು

"ಬರೋ ಯುಗಾದಿಗೆ ಹೋಳಿಗೆ ನಮ್ಮ ಸ್ವಂತ ಒಲೆ ಮೇಲೆ ಬೇಯಲಿಲ್ಲ ಅಂದ್ರೆ ನನ್ನ ಹೆಸರು ಆದಿನಾರಾಯಣಪ್ಪನೇ ಅಲ್ಲ ಕಣೇ!"

ಈ ಭೀಷ್ಮಪ್ರತಿಜ್ಞೆ ನಡೆದದ್ದು ದೊಡ್ಡಬಳ್ಳಾಪುರದ ಒಂದು ಹಿತ್ತಲಿನ ಬಾವಿಕಟ್ಟೆಯ ಮೇಲೆ. ಬಾವಿಕಟ್ಟೆಯೇ ಏಕೆಂದರೆ, ಹೆಂಡತಿ ಮುನಿರತ್ನಮ್ಮನ ಜೊತೆ ಒಂಟಿಯಾಗಿ ನಾಲ್ಕು ಮಾತಾಡಲು ಆದಿನಾರಾಯಣಪ್ಪನಿಗೆ ಆ ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ. ಅವಳು ನೀರು ಸೇದುವಷ್ಟು ಹೊತ್ತು ಇವನ ಸಂಸಾರ. ಕೊಡ ತುಂಬಿತೋ, ಸಂಸಾರ ಮುಗಿಯಿತು.

ಮನೆಯೆಂದರೆ ಎರಡು ಅಂಕಣದ್ದು, ಅದರಲ್ಲಿ ಒಂಬತ್ತು ಜನ. ತಾಯಿ ಅಮ್ಮಯಮ್ಮ, ಅಣ್ಣ ಅಪ್ಪಯ್ಯಣ್ಣ, ಅತ್ತಿಗೆ ಅಕ್ಕಯಮ್ಮ, ಅವರ ನಾಲ್ಕು ಮಕ್ಕಳು, ಆಮೇಲೆ ಇವರಿಬ್ಬರು. ರಾತ್ರಿ ಗಂಡಸರಿಗೆ ಜಗಲಿ, ಹೆಂಗಸರಿಗೆ ಒಳಮನೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡ ಹೆಂಡತಿ ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೂ ಒಂದು ಹೊರೆ ಸೌದೆ ಒಡೆಯುವಷ್ಟು ಹೊತ್ತಾಗುತ್ತಿರಲಿಲ್ಲ.

ಮುನಿರತ್ನಮ್ಮನ ದುಃಖ ಮಾತ್ರ ಬೇರೆಯದು. "ನಂಗೆ ಅರಮನೆ ಬ್ಯಾಡ. ಒಂದು ಒಲೆ ಸಾಕು. ಎರಡು ವರ್ಷ ಆಯ್ತು ಈ ಮನೆಗೆ ಬಂದು, ಒಂದ್ ದಿನ ಸಾರಿಗೆ ಉಪ್ಪು ಹಾಕಿಲ್ಲ. ಸೊಪ್ಪು ಬುಡಿಸೋದು ನಾನು, ಖಾರ ರುಬ್ಬೋದು ನಾನು, ಊದೋದು ನಾನು. ಉಪ್ಪಿಗೆ ಮಾತ್ರ ಅಕ್ಕನ ಕೈಯೇ ಬರ್ಬೇಕು" ಎಂದಳು.

ಆ ಮನೆಯಲ್ಲಿ ಉಪ್ಪಿನ ಮಡಕೆ ಅಕ್ಕಯಮ್ಮನ ರಾಜಮುದ್ರೆ. ಅದನ್ನು ಮುಟ್ಟುವ ಧೈರ್ಯ ಅತ್ತೆಗೂ ಇರಲಿಲ್ಲ, ಇನ್ನು ಓರಗಿತ್ತಿಗೆಲ್ಲಿಂದ ಬರಬೇಕು?

ಯುದ್ಧ ಮುಗಿದ ಮರುವರ್ಷ ಅದು. ರೈಲ್ವೆ ಸ್ಟೇಷನ್ನಿನ ಕಡೆ ಹೊಸದಾಗಿ ಹದಿನೈದು ಹೆಂಚಿನ ಮನೆ ಎದ್ದಿದ್ದವು. ಮನೆಯಿಲ್ಲದ ಸಣ್ಣ ಸಂಸಾರಗಳಿಗೆ ಕಮ್ಮಿ ಬಾಡಿಗೆಗೆ ಕೊಡುವುದು, ಅರ್ಜಿ ಹೆಚ್ಚಾದರೆ ಚೀಟಿ ಎತ್ತಿ ಹಂಚುವುದು ಎಂದು ಕಮಿಟಿಯವರು ಚಾವಡಿಯ ಗೋಡೆಗೆ ನೋಟೀಸು ಅಂಟಿಸಿದ್ದರು. ಆದಿನಾರಾಯಣಪ್ಪ ನೂಲಿನ ಡಿಪೋದಲ್ಲಿ ಗುಮಾಸ್ತ. ಕಾಗದದಲ್ಲಿ ಬರೆದದ್ದನ್ನು ಊರೆಲ್ಲ ಒಂದು ಸಲ ಓದಿದರೆ ಇವನು ಮೂರು ಸಲ ಓದುವವನು. ಮೂರನೆಯ ಸಲ ಓದಿದಾಗ ಅವನ ಕಣ್ಣು ಎರಡು ಸಾಲಿನ ಮೇಲೆ ನಿಂತುಬಿಟ್ಟಿತು. ಒಲೆಗೊಂದು ಅರ್ಜಿ, ಒಂದೇ ಒಲೆಯಲ್ಲಿ ಉಣ್ಣುವವರು ಎಷ್ಟು ಜನವಿದ್ದರೂ ಒಂದೇ ಚೀಟಿ. ವಿಧವೆಯೂ ಅವಳ ಆಶ್ರಯದಲ್ಲಿ ಇನ್ನೊಬ್ಬ ಹೆಂಗಸೂ ಇರುವ ಒಲೆಗೆ ಎರಡು ಚೀಟಿ.

"ಅಣ್ಣಯ್ಯ, ನಾವು ಮೂರು ಒಲೆ ಹೂಡೋಣ" ಎಂದ ಮನೆಗೆ ಬಂದವನೇ. "ನಿಂದು ಒಂದು ಚೀಟಿ, ನಂದು ಒಂದು, ಅಮ್ಮಂದು ಎರಡು. ಊರಿಗೆಲ್ಲ ಒಂದೊಂದು, ನಮಗೆ ನಾಲ್ಕು. ಯಾವ್ದು ಬಂದ್ರೂ ನಾನೂ ಇವಳೂ ಹೋಗಿ ಸೇರ್ಕೊಳ್ತೀವಿ. ನಿಮಗೂ ಕಾಲು ಚಾಚೋಕೆ ಜಾಗ ಆಗ್ತೈತೆ."

ಅಪ್ಪಯ್ಯಣ್ಣ ಜಗತ್ತಿನ ಯಾವ ವಿಚಾರಕ್ಕೂ ಕೊಡುವ ಉತ್ತರ ಒಂದೇ. "ಆಗ್ಲಿ ಬುಡು" ಎಂದ.

ಮುನಿರತ್ನಮ್ಮ ಮಾತ್ರ ಬಾವಿಕಟ್ಟೆಯಲ್ಲಿ ಕೇಳಿದಳು. "ಅತ್ತೆ ಆಶ್ರಯದಲ್ಲಿರೋ ಆ ಇನ್ನೊಬ್ಳು ಹೆಂಗಸು ಯಾರು?"

"ನೀನೇ."

"ಹಂಗಾದ್ರೆ ಕಾಗದದಲ್ಲಿ ನೀವೆಲ್ಲಿರ್ತೀರ?"

"ನನ್ನ ಒಲೇಲಿ. ಒಬ್ನೇ. ಅಯ್ಯೋ, ಕಾಗದ ತಾನೇ ಕಣೇ. ಕಾಗದದಲ್ಲಿ ಬೇರೆಯಾದ್ರೆ ಬೇರೆಯಾಗ್ಬಿಡ್ತೀವಾ? ನಿಂಗೆ ಇವೆಲ್ಲ ತಿಳಿಯಲ್ಲ, ಸುಮ್ನಿರು."

ಅವಳು ಹಗ್ಗ ಸುತ್ತಿಟ್ಟಳು. ಕೊಡ ತುಂಬಿತ್ತು.

ಮೂರು ಅರ್ಜಿ ಹೋದವು. ಪುಷ್ಯಮಾಸದಲ್ಲಿ ಕಮಿಟಿಯವರಿಂದ ಒಲೆಗಳ ತನಿಖೆ ಎಂದು ಗೊತ್ತಾಯಿತು. ಅಡುಗೆಮನೆಯ ಹಳೇ ಒಲೆ ಅಣ್ಣನದಾಯಿತು. ನಡುಮನೆಯ ಮೂಲೆಯಲ್ಲಿ ಆದಿನಾರಾಯಣಪ್ಪ ತನಗಾಗಿ ಮಣ್ಣಿನ ಒಲೆ ಹಾಕಿದ. ಹಿತ್ತಲಲ್ಲಿ, ಕೊಟ್ಟಿಗೆಯ ಮಾಡಿನ ಕೆಳಗೆ, ತಾಯಿಗೆ ಮೂರು ಕಲ್ಲಿನ ಒಲೆ ಹೂಡಿದ. ನಡುಮನೆಯ ಒಲೆ ಮದುವಣಗಿತ್ತಿಯ ಹಾಗೆ ಹೊಸದಾಗಿ ಕಾಣುತ್ತಿತ್ತು. ಅದಕ್ಕೂ ಅವನಲ್ಲಿ ಉಪಾಯವಿತ್ತು. ಕಾವಲಿಯ ತಳದ ಮಸಿ ಕೆರೆದು, ಹರಳೆಣ್ಣೆಯಲ್ಲಿ ಕಲಸಿ, ಹಿಂದಿನ ಗೋಡೆಗೆ ಎರಡು ಮೊಳ ಬಳಿದ. ದೂರ ನಿಂತು ನೋಡಿ, "ಹತ್ತು ವರ್ಷದ ಹೊಗೆ ಕುಡಿದ ಗೋಡೆ" ಎಂದು ತನಗೆ ತಾನೇ ಶಹಭಾಸ್ ಹೇಳಿಕೊಂಡ.

ಅಡುಗೆಯ ಏರ್ಪಾಡೂ ಅವನದೇ. ಅಕ್ಕಯಮ್ಮ ದೊಡ್ಡ ಮಡಕೆಯಲ್ಲಿ ಅವರೆಕಾಳು ಸಾರು ಮಾಡುವುದು, ಅದನ್ನೇ ಮೂರು ಒಲೆಗೂ ಹಂಚಿ ಇಡುವುದು. ಮೂರು ಕಡೆ ಸೌದೆ ಉರಿಸಿದರಾಯಿತು, ಮೂರು ಅಡುಗೆ ಯಾಕೆ? ಮುನಿರತ್ನಮ್ಮ ಮಾತ್ರ ಖಾಲಿ ಮಡಕೆ ಎತ್ತಿಕೊಂಡು, "ಹಿತ್ತಲ ಒಲೆ ನಾನು ನೋಡ್ಕೊಳ್ತೀನಿ" ಎಂದು ಹೊರಟುಹೋದಳು. ತನಿಖೆಯ ಗಡಿಬಿಡಿಯಲ್ಲಿ ಆದಿನಾರಾಯಣಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ಬೆಳಗಿನಿಂದ ಅವನು ಬೀದಿಬಾಗಿಲಲ್ಲೇ ನಿಂತಿದ್ದ. ಒಂದು ಸೈಕಲ್ಲು ಕಂಡಿತು. "ಬಂದ್ರು, ಬಂದ್ರು!" ಎಂದು ಕೂಗಿದ. ಒಳಗೆ ಅಕ್ಕಯಮ್ಮ ಗಾಬರಿಯಾಗಿ ಸಾರಿಗೆ ಉಪ್ಪು ಹಾಕಿದಳು. ಬಂದವನು ಟಪಾಲಿನವನು. ಅರ್ಧ ಗಂಟೆ ಬಿಟ್ಟು ಇನ್ನೊಂದು ಸೈಕಲ್ಲು, ಇನ್ನೊಂದು ಕೂಗು. ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ಅಕ್ಕಯಮ್ಮ ಮತ್ತೊಂದು ಹಿಡಿ ಹಾಕಿದಳು. ಅವನು ಎಮ್ಮೆ ವ್ಯಾಪಾರದವನು. ಮೂರನೆಯ ಸೈಕಲ್ಲಿನಲ್ಲಿ, ಸರಿಯಾಗಿ ಊಟದ ಹೊತ್ತಿಗೆ, ಇನ್‌ಸ್ಪೆಕ್ಟರ್ ರಾಮಾಂಜಿನಪ್ಪನವರು ಬಂದಿಳಿದರು. ಬಿಳೀ ಕೋಟು, ಜರಿಯ ರುಮಾಲು, ಕಂಕುಳಲ್ಲಿ ರಿಜಿಸ್ಟರು.

ನಡುಮನೆಯ ಒಲೆಯ ಮುಂದೆ ನಿಂತು ಅವರು ಕೇಳಿದರು. "ಈ ಒಲೇಲಿ ಅಡುಗೆ ಮಾಡೋರು ಯಾರ್ರೀ?"

"ನಾನೇ ಸ್ವಾಮಿ. ಕೈಯಾರೆ ಬೇಯಿಸ್ಕೊಂಡು ಉಣ್ತೀನಿ."

ಅಡುಗೆಮನೆಯಿಂದ ಅಕ್ಕಯಮ್ಮ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಮದುವೆ ಆಗಿಲ್ವೋ?"

"ಆಗೈತೆ ಸ್ವಾಮಿ. ಹೆಂಡ್ತಿ ನಮ್ಮಮ್ಮನ ಒಲೇಲವ್ಳೆ."

ರಾಮಾಂಜಿನಪ್ಪನವರ ಪೆನ್ಸಿಲ್ಲು ಒಂದು ಗಳಿಗೆ ನಿಂತು ಮತ್ತೆ ಓಡಿತು. ಬಗ್ಗಿ ಒಲೆ ನೋಡಲು ಗೋಡೆಗೆ ತೋಳು ಕೊಟ್ಟರು. ತೋಳು ತೆಗೆದಾಗ ಕೋಟಿನ ಬಿಳಿ ಮೊಣಕೈಯವರೆಗೆ ಮುಗಿದಿತ್ತು.

"ಹಳೇ ಗೋಡೆ ಸ್ವಾಮಿ. ಹತ್ತು ವರ್ಷದ ಮಸಿ" ಎಂದ ಆದಿನಾರಾಯಣಪ್ಪ.

"ಹಳೇ ಮಸಿ ಹಿಂಗೆ ಅಂಟಲ್ಲಪ್ಪ" ಎಂದು ತೋಳನ್ನು ಮೂಗಿನ ಹತ್ತಿರ ಹಿಡಿದು, "ಹರಳೆಣ್ಣೆ ವಾಸ್ನೇನೂ ಬರಲ್ಲ" ಎಂದರು ಅವರು. ಆದರೂ ಭಲೇ ಸಾಧು ಮನುಷ್ಯ. ರಿಜಿಸ್ಟರು ಮುಚ್ಚಿ, "ಒಲೆ ನೋಡಿದ್ದಾಯ್ತು, ಬರ್ತೀನಿ" ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಬಿಡುವ ಜಾಯಮಾನವೇ ಆದಿನಾರಾಯಣಪ್ಪನದು? "ಎಲ್ಲಾದ್ರೂ ಉಂಟೇ ಸ್ವಾಮಿ? ಊಟದ ಹೊತ್ಗೆ ಬಂದೋರ್ನ ಬರೀ ಹೊಟ್ಟೇಲಿ ಕಳಿಸೋ ಮನೆ ಅಲ್ಲ ಇದು. ಒಲೆ ಉರಿದ್ರೆ ಒಲೆ ಆಯ್ತಾ? ಉಂಡು ನೋಡ್ಬೇಕು. ಮೂರೊಲೇಲೂ ಒಂದೊಂದು ತುತ್ತು" ಎಂದು ಕೈ ಹಿಡಿದು ಮಣೆ ಹಾಕಿಬಿಟ್ಟ.

ಮೊದಲನೆಯ ಮುದ್ದೆ ನಡುಮನೆಯಲ್ಲಿ. ರಾಮಾಂಜಿನಪ್ಪನವರು ಸಾರಿನಲ್ಲಿ ಅದ್ದಿ ನುಂಗಿದರು. ಕಣ್ಣು ಅಗಲವಾಯಿತು. ಒಂದು ಚೊಂಬು ನೀರು ಕುಡಿದು, "ಉಪ್ಪು ಒಂಚೂರು ಮುಂದಾಗೈತಲ್ಲಪ್ಪ" ಎಂದರು.

"ಗಂಡಸಿನ ಕೈ ಸ್ವಾಮಿ. ಅಳತೆ ಸಿಗಲ್ಲ."

ಎರಡನೆಯದು ಅಡುಗೆಮನೆಯಲ್ಲಿ. ಅಕ್ಕಯಮ್ಮ ಸೆರಗು ಹೊದ್ದು ಬಡಿಸಿದಳು. ಒಂದು ತುತ್ತು ಒಳಗೆ ಹೋಯಿತು, ಎರಡು ಚೊಂಬು ನೀರು ಅದರ ಹಿಂದೆ ಹೋಯಿತು. ಅವರು ಎಲೆಯನ್ನೂ ನೋಡಿದರು, ಮಡಕೆಯನ್ನೂ ನೋಡಿದರು, ಕೊನೆಗೆ ಆದಿನಾರಾಯಣಪ್ಪನನ್ನು ನೋಡಿದರು.

"ನಿಮ್ಮ ಅತ್ತಿಗೆಯವ್ರದ್ದೂ ಗಂಡಸಿನ ಕೈಯೇನಪ್ಪಾ?"

ಆದಿನಾರಾಯಣಪ್ಪ ಹಿತ್ತಲ ಬಾಗಿಲಿಗೆ ಅಡ್ಡ ನಿಂತ. ಇನ್ನು ಹಿತ್ತಲಲ್ಲೂ ಇದೇ ಸಾರು ಸಿಕ್ಕಿದರೆ ಮುಗಿಯಿತು, ನಾಲ್ಕು ಚೀಟಿಯ ಜಾಗದಲ್ಲಿ ಒಂದು ಉಳಿಯುತ್ತದೆ. "ಸಾಕು ಸ್ವಾಮಿ, ಹೊಟ್ಟೆ ಕೆಟ್ಟೀತು" ಎಂದು ತಡೆದ. "ಇಲ್ಲಪ್ಪ, ನೀನೇ ಕರೆದಿದ್ದೀಯ, ಮೂರೂ ನೋಡ್ಲೇಬೇಕು" ಎಂದು ಅವರು ತಾವೇ ಹಿತ್ತಲಿಗೆ ನಡೆದರು.

ಅಲ್ಲಿ ಮೂರನೆಯ ತುತ್ತು ನುಂಗಿದ ಮೇಲೆ ಅವರು ನೀರು ಕೇಳಲಿಲ್ಲ. ಮುದ್ದೆ ಮುಗಿಸಿ, ಇನ್ನೊಂದು ಮುದ್ದೆಗೆ ಕೈ ತೋರಿಸಿದರು. ಅದು ಹಿದುಕಿದ ಅವರೆಬೇಳೆ ಸಾರು. ಅತ್ತೆ ಸೊಸೆ ಇಬ್ಬರೂ ರಾತ್ರಿಯೇ ಕಾಳು ನೆನೆಹಾಕಿ, ಬೆಳಗ್ಗೆ ಕೂತು ಒಂದೊಂದೇ ಹಿದುಕಿ ಮಾಡಿದ್ದು. ಆದಿನಾರಾಯಣಪ್ಪನಿಗೆ ಇದರ ಸುಳಿವೇ ಇರಲಿಲ್ಲ.

"ಇದ್ಯಾರಮ್ಮ ಮಾಡಿದ್ದು?"

"ಕಾಳು ಹಿದುಕಿದ್ದು ಇಬ್ರೂ ಸೇರಿ. ಉಪ್ಪು ಹಾಕಿದ್ದು ನನ್ನ ಸೊಸೆ" ಎಂದಳು ಅಮ್ಮಯಮ್ಮ. ಮುನಿರತ್ನಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹೊಗೆಗೆ ಕೆಂಪಾಗಿದ್ದ ಅವಳ ಮುಖದಲ್ಲಿ ಎರಡು ವರ್ಷದಲ್ಲಿ ಅವನು ಕಾಣದ ಒಂದು ಸಂತೋಷವಿತ್ತು.

ರಾಮಾಂಜಿನಪ್ಪನವರು ಕೈ ತೊಳೆದು ರಿಜಿಸ್ಟರು ಬಿಚ್ಚಿದರು. "ನೋಡಪ್ಪ, ಒಲೆ ಎಣಿಸೋಕೆ ಬಂದೆ, ಸಾರು ಎಣಿಸ್ಕೊಂಡು ಹೋಗ್ತಾ ಇದೀನಿ. ಒಲೆ ಮೂರು, ಸಾರು ಎರಡು. ನಿಂದೂ ನಿಮ್ಮಣ್ಣಂದೂ ಒಂದೇ ಒಲೆ. ನಿನ್ನ ಅರ್ಜಿ ರದ್ದು. ಹಿತ್ತಲ ಒಲೆ ಮಾತ್ರ ಅಪ್ಪಟ ಬೇರೆ ಒಲೆ."

ಅವರು ಹೋದ ಮೇಲೆ ಆದಿನಾರಾಯಣಪ್ಪ ಐದು ನಿಮಿಷ ಸಪ್ಪಗಿದ್ದ. ಆರನೆಯ ನಿಮಿಷಕ್ಕೆ ಮೀಸೆ ತಿರುವಿದ. "ಒಂದು ಹೋದ್ರೂ ಮೂರು ಚೀಟಿ ಉಳೀತು. ಹೆಂಗೈತೆ ನನ್ನ ತಲೆ?"

ಯುಗಾದಿಗೆ ಹದಿನೈದು ದಿನ ಮುಂಚೆ ಶಾಲೆಯ ಅಂಗಳದಲ್ಲಿ ಚೀಟಿ ಎತ್ತಿದರು. ಇನ್ನೂರು ಚೀಟಿಯಿದ್ದ ಹಿತ್ತಾಳೆ ಕೊಳದಪ್ಪಲೆಯೊಳಗೆ ಕಮಿಟಿಯ ಯಜಮಾನರು ಕೈ ಹಾಕಿದಾಗಲೆಲ್ಲ ಆದಿನಾರಾಯಣಪ್ಪ ತುದಿಗಾಲಲ್ಲಿ ನಿಲ್ಲುತ್ತಿದ್ದ. ಹತ್ತು ಹೆಸರು ಹೋದವು. ಹನ್ನೊಂದನೆಯದು: "ಅಮ್ಮಯಮ್ಮ ಕೋಂ ಲೇಟ್ ಪಿಳ್ಳಪ್ಪ!" ಇವನು ರುಮಾಲನ್ನು ಮೇಲಕ್ಕೆ ಹಾರಿಸಿದ. ಅದು ಯಾರ ತಲೆಯ ಮೇಲೆ ಬಿತ್ತು ಎಂದೂ ನೋಡಲಿಲ್ಲ.

ಅದು ಬಿದ್ದದ್ದು ಕೊಂಡಪ್ಪನ ತಲೆಯ ಮೇಲೆ. ಯಾರಾದರೂ ತಪ್ಪಿದರೆ ಇರಲಿ ಎಂದು ಕೊನೆಗೆ ಎತ್ತಿದ ಹೆಚ್ಚಿನ ಚೀಟಿ ಈ ಕೊಂಡಪ್ಪನದು. ಹದಿನೈದು ಮನೆಗೆ ಹದಿನಾರನೆಯವನು. ಆಮೇಲೆ ಕಮಿಟಿಯ ಗುಮಾಸ್ತ ಷರತ್ತು ಓದಿದ. ರಿಜಿಸ್ಟರಿನಲ್ಲಿ ಆಯಾ ಒಲೆಗೆ ಬರೆದ ಜನರು ಮಾತ್ರ ಮನೆಯಲ್ಲಿ ವಾಸವಿರತಕ್ಕದ್ದು. ಒಂದು ವರ್ಷ ಬೇರೆ ಯಾರೂ ಸೇರಿಕೊಳ್ಳಕೂಡದು. ತಪ್ಪಿದರೆ ಮನೆ ಮುಂದಿನ ಚೀಟಿಯವರಿಗೆ. ಕೊಂಡಪ್ಪ ರುಮಾಲನ್ನು ಮಡಿಸಿ, ಇವನ ಕೈಗೆ ಕೊಟ್ಟು, "ಅಮ್ಮಯಮ್ಮನ ಒಲೇಲಿ ಎಷ್ಟು ಜನ ಅಣ್ಣಾ?" ಎಂದು ಬಲು ವಿನಯದಿಂದ ಕೇಳಿದ.

ಆದಿನಾರಾಯಣಪ್ಪನ ತಲೆಗೆ ಆಗ ಹೊಳೆಯಿತು. ಇಬ್ಬರು. ಅಮ್ಮ, ಮತ್ತೆ ಮುನಿರತ್ನ. ತಾನು ಅಣ್ಣನ ಒಲೆ.

ಮನೆಗೆ ಬಂದು ತಾಯಿಯ ಕಾಲ ಹತ್ತಿರ ಕೂತ. "ಅಮ್ಮ, ವಯಸ್ಸಾದೋಳು ನೀನು, ಆ ಸ್ಟೇಷನ್ ಕಡೆ ಯಾಕೆ? ಕಮಿಟಿಯವ್ರಿಗೆ ಹೇಳಿ ಹೆಸರು ಬದಲಾಯಿಸಿ..."

"ಯಾಕಪ್ಪಾ?" ಎಂದಳು ಅಮ್ಮಯಮ್ಮ. "ಹುಟ್ಟಿದಾಗ ಅಪ್ಪನ ಮನೆ, ಆಮೇಲೆ ಗಂಡನ ಮನೆ, ಈಗ ಮಗನ ಮನೆ. ಅರವತ್ತು ವರ್ಷಕ್ಕೆ ನನ್ನ ಹೆಸರಲ್ಲಿ ಒಂದು ಬಾಗಿಲು ಬಂದೈತೆ. ಬುಡ್ತೀನಾ ನಾನು?"

ಅವನು ಅಣ್ಣನ ಮುಖ ನೋಡಿದ. ಅಣ್ಣ, "ಆಗ್ಲಿ ಬುಡು" ಎಂದ.

ಅತ್ತೆ ಸೊಸೆ ಗಾಡಿಗೆ ಸಾಮಾನು ಹೇರಿಕೊಂಡು ಹೋದರು. ಇವನು ಜಗಲಿಯಲ್ಲೇ ಉಳಿದ. ಅತ್ತಿಗೆಯ ಸಾರು, ಅಣ್ಣನ ಗೊರಕೆ. ಬಾವಿಕಟ್ಟೆಯೂ ಹೋಗಿತ್ತು. ಮೊದಲು ದಿನಕ್ಕೊಂದು ಕೊಡದ ಸಂಸಾರವಾದರೂ ಇತ್ತು.

ಯುಗಾದಿಯ ದಿನ ಎಣ್ಣೆಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಮಲ್ಲಿಗೆ ದಂಡೆ ಹಿಡಿದು ಸ್ಟೇಷನ್ನಿನ ಕಡೆ ಹೋದ. ಮನೆಯ ಎದುರಿನ ಮೋರಿಯ ಕಟ್ಟೆಯ ಮೇಲೆ ಕೊಂಡಪ್ಪ ಎಲೆಅಡಿಕೆ ಹಾಕಿಕೊಂಡು ಕೂತಿದ್ದ. ಹಬ್ಬದ ದಿನವೂ ಅವನಿಗೆ ಬೇರೆ ಕೆಲಸವಿರಲಿಲ್ಲ.

ಬಾಗಿಲಿಗೆ ಮಾವಿನ ತೋರಣ. ಒಳಗೆ ಮುನಿರತ್ನಮ್ಮ ತನ್ನ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು. ಕೈಗೆಟುಕುವಲ್ಲಿ ಒಂದು ಪುಟ್ಟ ಉಪ್ಪಿನ ಮಡಕೆ. ಅವಳನ್ನು ಹಾಗೆ ಕಂಡು ಇವನಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

"ನೀವು ಹೇಳ್ದಂಗೇ ಆಯ್ತು ನೋಡಿ" ಎಂದಳು ನಗುತ್ತ. "ಯುಗಾದಿ ಹೋಳಿಗೆ ನಮ್ಮೊಲೆ ಮೇಲೇ ಬೇಯ್ತು."

ಒಬ್ಬಟ್ಟಿನ ಸಾರು ಹದವಾಗಿತ್ತು. ಉಪ್ಪಿನಲ್ಲಿ ಹೆಸರಿಡುವಂತಿರಲಿಲ್ಲ. ಅವನು ನಾಲ್ಕು ಹೋಳಿಗೆ ತಿಂದ, ಐದನೆಯದಕ್ಕೆ ಬೇಡವೆನ್ನಲಿಲ್ಲ. ಅಮ್ಮಯಮ್ಮ ಎಲೆಅಡಿಕೆ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದಳು. ಎರಡು ವರ್ಷದಲ್ಲಿ ಮೊದಲ ಸಲ ಒಂದು ಸೂರಿನ ಕೆಳಗೆ ಗಂಡ ಹೆಂಡತಿ ಇಬ್ಬರೇ ಉಳಿದರು. ಆದಿನಾರಾಯಣಪ್ಪ ಕೈ ತೊಳೆದು, ಮಲ್ಲಿಗೆ ದಂಡೆ ಬಿಚ್ಚಿ, ಗೋಡೆಗೆ ಒರಗಿ ಕೂತು, ಬಹಳ ದಿನದಿಂದ ಕೂಡಿಸಿಟ್ಟಿದ್ದ ಮಾತಿನಲ್ಲಿ ಯಾವುದನ್ನು ಮೊದಲು ತೆಗೆಯಲಿ ಎಂದು ಗಂಟಲು ಸರಿಮಾಡಿಕೊಂಡ.

ಹೊರಗಿನಿಂದ ಕೊಂಡಪ್ಪನ ದನಿ ಬಂತು. "ಅಮ್ಮಣ್ಣೀ, ಒಳಗೆ ಗಂಡಸಿನ ಕೆಮ್ಮು ಕೇಳಿಸ್ದಂಗಾಯ್ತು. ಯಾರವ್ವ ಬಂದಿರೋದು?"

ಮುನಿರತ್ನಮ್ಮ ಮಲ್ಲಿಗೆಯನ್ನು ಮುಡಿಗೆ ಸಿಕ್ಕಿಸಿಕೊಂಡಳು. ಮೂಲೆಯಿಂದ ಗಂಡನ ಕೊಡೆಯನ್ನು ತೆಗೆದು ಅವನ ಕೈಗೆ ಕೊಟ್ಟಳು. ಬಾಗಿಲ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ ಹೇಳಿದಳು.

"ನೆಂಟ್ರು ಕಣಣ್ಣ. ಉಂಡಿದ್ದಾಯ್ತು, ಹೊರಟವ್ರೆ."