ಎಡಗೋಲಿನ ಎತ್ತು ಬಲಕ್ಕೆ ನಿಂತಾಗ

ಚಿಕ್ಕೋಡಿಯಲ್ಲಿ ನನ್ನದೊಂದು ಬ್ಯಾನರ್ ಅಂಗಡಿ ಇದೆ. ಮನುಷ್ಯರ ಬ್ಯಾನರ್ ಎಂದರೆ ಅರ್ಧ ತಾಸಿನ ಕೆಲಸ. ಮುಖ ಒಂದಿಷ್ಟು ಬೆಳ್ಳಗೆ ಮಾಡಿಕೊಟ್ಟರೆ ಸಾಕು, ಖುಷಿಯಿಂದ ಒಯ್ಯುತ್ತಾರೆ. ಆದರೆ ನಮ್ಮ ಕಡೆ ಹೆಸರು ಮಾಡಿದ ಎತ್ತು, ಎಮ್ಮೆ, ಟಗರುಗಳೂ ಬ್ಯಾನರ್ ಏರುತ್ತವೆ. ಅಂಥದ್ದೊಂದು ಬಂದ ದಿನ ನನಗೆ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿದ್ದಿಲ್ಲ.

ಟಗರಿನ ಹುಟ್ಟುಹಬ್ಬ

ಸದಲಗಾ ಕಡೆಯ ಒಬ್ಬರ ಟಗರು ಕಾಳಗದಲ್ಲಿ ಸೋತದ್ದೇ ಇಲ್ಲವಂತೆ. ಅದರ ಹುಟ್ಟುಹಬ್ಬಕ್ಕೆ ಹತ್ತಡಿ ಬ್ಯಾನರ್. ನಡುವೆ ಟಗರು, ಸುತ್ತ ಶುಭ ಕೋರುವ ಇಪ್ಪತ್ತು ಗೆಳೆಯರ ಮುಖ. ಆ ಗೆಳೆಯರೆಲ್ಲ ಅಂಗಡಿಗೇ ಬಂದು, ಟಗರಿನ ಪಕ್ಕದ ಜಾಗ ನನಗೇ ಬೇಕೆಂದು ಜಗಳಕ್ಕೆ ನಿಂತರು.

ಟಗರಿನ ಮಾಲಕರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಕೊನೆಗೆ ಬ್ಯಾನರ್ ಅಚ್ಚಾಗಿ ಬಂದಾಗ ನನ್ನತ್ತ ತಿರುಗಿ, "ಅಣ್ಣಾರ, ನನ್ನ ಹುಟ್ಟಿದ ದಿನ ಯಾವಾಗಂತ ಇವರಿಗೆ ಒಂದ ಮಾತ ಕೇಳ್ರಿ" ಎಂದರು.

ಕೇಳಿದೆ. ಮಾಲಕರು ಲಗುಬಗೆಯಿಂದ ಬ್ಯಾನರ್ ಸುತ್ತಿಕೊಂಡು, "ಹೊತ್ತಾತ್ರಿ, ಟಗರಿಗೆ ಮೇವ ಹಾಕಬೇಕು" ಎಂದು ಹೊರಟೇಬಿಟ್ಟರು.

ಎಮ್ಮೆಗೆ ದೃಷ್ಟಿಬೊಟ್ಟು

ರಾಯಬಾಗದ ಅಕ್ಕ ಒಬ್ಬರ ಎಮ್ಮೆ ಹಾಲು ಕರೆಯುವ ಸ್ಪರ್ಧೆಯಲ್ಲಿ ಗೆದ್ದಿತ್ತು. ಬ್ಯಾನರ್ ನೋಡಿ ಮಂದಿಯ ಕಣ್ಣು ತಾಗಬಾರದೆಂದು ಅದರ ಗಲ್ಲಕ್ಕೆ ಕರಿಬೊಟ್ಟು ಇಡಲು ಹೇಳಿ ಹೋದರು. ಇಟ್ಟೆ. ಮರುದಿನ ಬಂದವರು ಬ್ಯಾನರನ್ನು ಮೇಲಿಂದ ಕೆಳಗೆ ನೋಡಿದರು.

"ಬೊಟ್ಟ ಎಲ್ಲೈತಿ?"

"ಇಟ್ಟೇನ್ರಿ ಅಕ್ಕಾರ. ಎಮ್ಮಿ ಕರಿ, ಬೊಟ್ಟೂ ಕರಿ. ಕಾಣವಲ್ದು."

"ಸಾಕಿದಾಕಿ ನನಗ ಕಾಣವಲ್ದು, ದೃಷ್ಟಿಗೆ ಹೆಂಗ ಕಂಡೀತು? ಇನ್ನೊಮ್ಮಿ ಮಾಡ್ರಿ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೊಟ್ಟಿನ ಸುತ್ತ ಬಿಳಿ ಗೆರೆ ಎಳೆದು ಇನ್ನೊಮ್ಮೆ ಮಾಡಿದೆ.

ತೆಲಸಂಗದ ಎತ್ತು

ತೆಲಸಂಗದ ಕಾಕಾ ಒಬ್ಬರ ಎತ್ತು ಬಂಡಿ ಓಟದ ಶರ್ಯತ್ತಿನಲ್ಲಿ ಓಡಿ ಓಡಿ ಹೆಸರು ಮಾಡಿತ್ತು. ಅದು ತೀರಿ ವರ್ಷವಾಗಿತ್ತು. ಪುಣ್ಯಸ್ಮರಣೆಯ ಬ್ಯಾನರಿಗೆಂದು, ಜೋಡಿ ಎತ್ತುಗಳು ನೊಗ ಹೊತ್ತು ನಿಂತ ಫೋಟೋ ತಂದುಕೊಟ್ಟರು. ಎತ್ತುಗಳು ಬರಹದ ಕಡೆ ಮುಖ ಮಾಡಿದರೆ ಚಂದವೆಂದು ನಾನು ಕಂಪ್ಯೂಟರಿನಲ್ಲಿ ಫೋಟೋದ ಎಡಬಲ ತಿರುಗಿಸಿ ಅಚ್ಚು ಹಾಕಿದೆ.

ಕಾಕಾ ನೋಡಿದರು. ಮುಖ ಸಪ್ಪಗಾಯಿತು.

"ತಮ್ಮಾ, ಇದು ನಮ್ಮ ಎತ್ತಲ್ಲ."

"ನೀವು ಕೊಟ್ಟ ಫೋಟೋನ ಐತ್ರಿ ಕಾಕಾ."

"ನಮ್ಮದು ಎಡಗೋಲಿನ ಎತ್ತು. ಜನ್ಮದಾಗ ನೊಗದ ಬಲಕ್ಕ ನಿಂತಿಲ್ಲ. ನಾಳೆ ಶರ್ಯತ್ತಿನ ಮಂದಿ ಬರ್ತಾರ. ಸತ್ತ ಮ್ಯಾಲ ಅದಕ್ಕ ಜಾಗಾ ಬದಲಿ ಮಾಡಿದ ಅಂತ ನನ್ನ ಮಾರಿಗೆ ಉಗುಳ್ತಾರ."

ನನಗೆ ಪಾಪ ಎನ್ನಿಸಿತು. ಇದ್ದ ಕೆಲಸವೆಲ್ಲ ಬಿಟ್ಟು ಮತ್ತೆ ಕುಳಿತೆ. ಕೊಂಬು, ಹರಿದ ಕಿವಿ, ಮೂಗುದಾರ, ಎಲ್ಲವನ್ನೂ ಅವರು ಬೆರಳಿಟ್ಟು ನೋಡಿ ಹೂಂ ಎಂದ ಮೇಲೆಯೇ ಅಚ್ಚು ಹಾಕಿದೆ.

ಮರುದಿನ ಮನಸ್ಸು ತಡೆಯದೆ ತೆಲಸಂಗಕ್ಕೆ ನಾನೂ ಹೋದೆ. ಅಥಣಿ, ಕಾಗವಾಡದಿಂದ ಬಂದ ಮಂದಿ ಬ್ಯಾನರಿಗೆ ಕೈ ಮುಗಿಯುತ್ತ, "ಅದ ನೋಡ್ರಿ, ಎಡಕ್ಕ ನಿಂತೈತಿ" ಎನ್ನುತ್ತಿದ್ದರು. ಕಾಕಾ ತಲೆಗೆ ಸುತ್ತಿದ ಪಟಕಾದ ಚುಂಗಿನಿಂದ ಕಣ್ಣೊರೆಸಿಕೊಂಡರು. ನನಗೂ ಹೆಮ್ಮೆಯಾಯಿತು.

ಆಗ ಬ್ಯಾನರಿನ ಮೂಲೆ ಕಣ್ಣಿಗೆ ಬಿತ್ತು. 'ಮಾಲಕರು' ಎಂದು ಬರೆದಲ್ಲಿ ಕಾಕಾ ಇರಲಿಲ್ಲ. ಅಂಥದೇ ಪಟಕಾ, ಅಂಥದೇ ಮೀಸೆಯ ಬೇರೊಬ್ಬರು ನಗುತ್ತಿದ್ದರು. ನಿಪ್ಪಾಣಿಯ ಒಬ್ಬರಿಗೆ ಅರವತ್ತು ತುಂಬಿದ ಸಮಾರಂಭದ ಬ್ಯಾನರಿಗೆಂದು ಅಂಗಡಿಗೆ ಬಂದಿದ್ದ ಫೋಟೋ ಅದು; ಗಡಿಬಿಡಿಯಲ್ಲಿ ಕಾಕಾ ಕೊಟ್ಟದ್ದರ ಬದಲು ಅದನ್ನು ಹಾಕಿದ್ದೆ. ಕಾಕಾನನ್ನು ಬದಿಗೆ ಕರೆದೆ.

"ತಪ್ಪಾತ್ರಿ ಕಾಕಾ. ಆ ಮೂಲಿಯೊಳಗಿನ ಫೋಟೋ..."

"ಗೊತ್ತೈತಿ. ಅದು ನಾ ಅಲ್ಲ. ಮುಂಜಾನೇನ ನೋಡೇನಿ."

"ಮತ್ತ ಫೋನ್ ಯಾಕ ಮಾಡಲಿಲ್ರಿ?"

"ಮಾಡಿದ್ರ ನೀ ಓಡಿ ಬಂದು ಬ್ಯಾನರ್ ಬಿಚ್ಕೊಂಡ ಹೋಗ್ತಿದ್ದಿ. ಎತ್ತು ಬರೋಬ್ಬರಿ ಬಂದೈತಿ. ಮಾಲಕ ಯಾವನರ ಇರ್ಲಿ ಬಿಡು."