ಒಂದೇ ಡಬ್ಬಿ, ಬೇರೆ ಬೇರೆ ತಪ್ಪು

ನಾನು ಬಾಯಿ ಬಿಡೋದೇ ಕಮ್ಮಿ. ಬಿಟ್ಟಾಗೆಲ್ಲ ಇಂಥದ್ದೇ ಏನಾದ್ರೂ ಆಗುತ್ತೆ. ಇದನ್ನ ಇದುವರೆಗೂ ಯಾರಿಗೂ ಹೇಳಿಲ್ಲ.

ಪಿಯುಸಿ ರಜದಲ್ಲಿ ತೂಬಗೆರೆಯಿಂದ ದೊಡ್ಡಬಳ್ಳಾಪುರಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದೆ. ಅಲ್ಲಿ ಇರೋದೇ ಎರಡು ಕಂಪ್ಯೂಟರು. ಮುಂದಿನ ಬ್ಯಾಚಿಗೆ ಒಂದೇ ಸೀಟು ಉಳಿದಿತ್ತು. ಶನಿವಾರ ಎಲ್ಲರ ಮುಂದೆ ನಿಂತು ಪ್ರೋಗ್ರಾಮ್ ಚೆನ್ನಾಗಿ ವಿವರಿಸಿದೋರಿಗೆ ಅದು, ಅಂದಿದ್ರು ಸರ್. ನಂಗೋ, ಬಸ್ಸಲ್ಲಿ ಟಿಕೆಟ್ ಕೇಳೋಕೂ ನಾಚಿಕೆ.

೧. ಏನ್ ಬೇಕಾದ್ರೂ ಆಗ್ಬಹುದು

ಯಾವ ವಸ್ತು ಬೇಕಾದ್ರೂ ಇಡೋಕಾಗೋ ಡಬ್ಬಿ ಥರದ ಪ್ರೋಗ್ರಾಮ್ ಬರೀಬೇಕಿತ್ತು. ಏನೇನ್ ತಪ್ಪಾಗ್ಬಹುದು ಅಂತ ಮೊದಲೇ ಬರೆದುಕೊಡ್ಬೇಕು, ಇಲ್ದಿದ್ರೆ ಪ್ರೋಗ್ರಾಮ್ ತಪಾಸಣೆ ಮಾಡೋ ಕಂಪೈಲರ್ ಅದನ್ನ ಓಡಿಸೋಕೇ ಬಿಡಲ್ಲ. ನಾನು ಜಾಣತನ ಮಾಡಿ "ಯಾವ ತಪ್ಪು ಬೇಕಾದ್ರೂ ಆಗ್ಬಹುದು" ಅಂತ ಬರೆದೆ. ಒಪ್ಕೊಂಡ್ಬಿಡ್ತು.

ಸರ್ ನೋಡಿದ್ರು. "ಏನಮ್ಮಾ, ಮನೆ ಬಿಡುವಾಗ ನಿಮ್ಮಮ್ಮಂಗೂ ಹಿಂಗೇ ಹೇಳ್ತೀಯಾ? ಏನ್ ಬೇಕಾದ್ರೂ ಆಗ್ಬಹುದು ಅಂತ?"

"ಹಂಗಂದ್ರೆ ಅಮ್ಮ ಬಿಡಲ್ಲ ಸರ್."

"ಸರಿ, ಕಂಪೈಲರ್ ತೆಗೆದು ನಿಮ್ಮಮ್ಮನ್ನೇ ಕೂರಿಸೋಣ."

೨. ಅಜ್ಜಿಯ ಉತ್ತರ

ಹೇಳೋದು ಅಭ್ಯಾಸ ಆಗ್ಲಿ ಅಂತ ಮನೇಲಿ ಅಜ್ಜಿ ಮುಂದೆ ಕೂತೆ. "ಅಜ್ಜಿ, ಡಬ್ಬಿ ಒಂದೇ. ಒಳಗೇನು ಹಾಕ್ತೀವೋ ಅದ್ರ ಪ್ರಕಾರ ಆಗೋ ತಪ್ಪೂ ಬದಲಾಗ್ಬೇಕು. ಹೆಂಗ್ ಬರೆಯೋದು ಗೊತ್ತಾಗ್ತಿಲ್ಲ."

ಅಜ್ಜಿ ಮೊರದಲ್ಲಿ ರಾಗಿ ಕೇರ್ತಿದ್ರು. "ಹಾಲಿಟ್ರೆ ಒಡೆಯುತ್ತೆ, ಹಿಟ್ಟಿಟ್ರೆ ಹುಳ ಬೀಳುತ್ತೆ, ಬೆಲ್ಲ ಇಟ್ರೆ ಇರುವೆ ಮುತ್ತುತ್ತೆ. ಏನಿಡ್ತೀಯ ಅಂತ ಹೇಳೋವಾಗ್ಲೇ ಏನಾಗುತ್ತೆ ಅಂತಾನೂ ಹೇಳ್ಬಿಡು."

ನಾನು ಬೆಪ್ಪಾದೆ. ಅದೇ ಉತ್ತರ. ಪ್ರೋಗ್ರಾಮಲ್ಲಿ ವಸ್ತುವಿಗೊಂದು ಖಾಲಿ ಜಾಗ, ತಪ್ಪಿಗೊಂದು ಖಾಲಿ ಜಾಗ, ಎರಡನ್ನೂ ಡಬ್ಬಿ ಬಳಸೋರೇ ತುಂಬೋದು.

"ಇಷ್ಟಕ್ಕೆ ದಿನಾ ದೊಡ್ಡಬಳ್ಳಾಪುರಕ್ಕೆ ಹೋಗ್ಬೇಕಿತ್ತೇನೇ?" ಅಂದ್ರು ಅಜ್ಜಿ.

೩. ಖಾಲಿ ಡಬ್ಬಿ

ಶನಿವಾರ ಬೋರ್ಡ್ ಮುಂದೆ ನಿಂತೆ. ಕ್ಲಾಸಿನ ಕೆಳಗಿನ ಮನೇಲಿ ಮಗ್ಗದ ಸದ್ದು ಜೋರಾಗಿತ್ತು, ಅದಕ್ಕಿಂತ ಜೋರಾಗಿ ಹೇಳ್ಬೇಕಾಯ್ತು. ಹಾಲಿಗೆ ಒಡೆಯೋದು, ಹಿಟ್ಟಿಗೆ ಹುಳ ಅಂತ ಬರೆದು, ಗೋಡೆ ನೋಡ್ಕೊಂಡೇ ಪೂರ್ತಿ ಹೇಳ್ಬಿಟ್ಟೆ. ಕಂಪೈಲರ್ ಒಂದೂ ತಕರಾರು ಮಾಡ್ಲಿಲ್ಲ.

ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. ಸೀಟು ಅವನಿಗೂ ಬೇಕಿತ್ತು. "ಡಬ್ಬಿ ಖಾಲಿ ಇದ್ರೆ? ಆಗ ಯಾವ ತಪ್ಪೂ ಆಗಲ್ವಲ್ಲ. ಅಲ್ಲೇನ್ ಬರೀತೀಯ?"

ಇದು ಪುಸ್ತಕದಲ್ಲಿ ಇರ್ಲಿಲ್ಲ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. "ಖಾಲಿ ಡಬ್ಬೀನೇ ಎಲ್ಲಕ್ಕಿಂತ ದೊಡ್ಡ ತಪ್ಪು. ಹಂಗೇ ವಾಪಸ್ ಕೊಟ್ರೆ ಪಕ್ಕದ್ಮನೆ ಅತ್ತೆ ಮಾತು ಬಿಡ್ತಾರೆ."

ಕ್ಲಾಸೆಲ್ಲ ನಕ್ತು, ಆ ಹುಡುಗನೂ ನಕ್ಕ. ಸರ್ ರಿಜಿಸ್ಟರ್ ತೆಗೆದು ಮುಂದಿನ ಬ್ಯಾಚಿಗೆ ನನ್ನ ಹೆಸರು ಬರ್ಕೊಂಡ್ರು.

"ಸರಿ, ಆ ತಪ್ಪಾಗದಂಗೆ ಏನ್ ಬರೀತೀಯ?"

"ಬರೆಯೋದೇನಿಲ್ಲ ಸರ್. ಒಂದ್ ಹಿಡಿ ಸಕ್ಕರೆ ಹಾಕಿ ಕಳಿಸೋದು."