ಲಿಂಗಂಪಲ್ಲಿಯವಳೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ಪಡುವವರಿಗೆ ದೇವರು ಫಜೀತಿಗಳನ್ನು ತಪ್ಪದೆ ಒದಗಿಸುತ್ತಾನೆ. ಹೈದರಾಬಾದಿನ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದುವಾಗ ನನಗಂತೂ ಅವಕ್ಕೆ ಬರ ಇರಲಿಲ್ಲ. ಎಲ್ಲಕ್ಕೂ ಕಾರಣ ನಮ್ಮ ಕ್ಲಾಸಿನ ಒಬ್ಬ ಹುಡುಗಿ. ಅವಳ ಮನೆಯವರೂ ನಮ್ಮಂತೆಯೇ ಕಲಬುರ್ಗಿ ಕಡೆಯವರು, ಮನೆ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ. ಕಾಲೇಜಿನ ಪಡಸಾಲೆಯ ಗೋಡೆಗೆ ಪ್ರತಿ ಸಲ ಕ್ಲಾಸಿನ ಒಂದೇ ಒಂದು ಒಳ್ಳೆಯ ಕೆಲಸವನ್ನು ಏರಿಸುತ್ತಿದ್ದರು. ಅದು ಸದಾ ಅವಳದೇ. ಒಮ್ಮೆಯಾದರೂ ನನ್ನದು ಅಲ್ಲಿ ಏರಬೇಕು ಎಂಬುದೊಂದೇ ನನ್ನ ಹಟ.

ನೂರು ವೃತ್ತ

ಮೊದಲ ವಾರವೇ ಮೇಡಂ, ಬರಿಗೈಯಲ್ಲಿ ನೂರು ವೃತ್ತ ಬರೆದು ತನ್ನಿ ಎಂದರು. ಲಿಂಗಂಪಲ್ಲಿಯವಳು ರೈಲಿನಲ್ಲಿ ನಿಂತುಕೊಂಡೇ ಬರೆದಳಂತೆ, ಒಂದೊಂದೂ ದುಂಡಗೆ. ನನ್ನವು ಥೇಟ್ ಆಲೂಗಡ್ಡೆ. ಕೊನೆಗೆ ಅವ್ವನ ಗಾಜಿನ ಬಳೆ ಇಟ್ಟು ನೂರನ್ನೂ ಎಳೆದುಬಿಟ್ಟೆ.

ಮೇಡಂ ಹಾಳೆ ನೋಡಿ, "ಪ್ರತಿ ವೃತ್ತಕ್ಕೂ ಒಂದೇ ಕಡೆ ಸಣ್ಣ ಗಂಟು ಯಾಕಿದೆ?" ಎಂದರು. ನಾನು ಹಾಳೆಗೆ ಕೈ ಚಾಚಿದೆ.

"ಮುಂದಿನ ಸಲ ಸ್ವಲ್ಪ ಒಳ್ಳೆಯ ಬಳೆ ತಗೋ," ಎಂದು ಹಾಳೆ ವಾಪಸು ಕೊಟ್ಟರು.

ಅವ್ವನ ಫ್ರಿಜ್ಜು

ಲಿಂಗಂಪಲ್ಲಿಯವಳ ಕೈಚಳಕದ ಗುಟ್ಟು ಏನೆಂದು ತಿಳಿಯಲು ಅವಳನ್ನು ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಊಟಕ್ಕೆ ಕರೆದೆ. ಗುಟ್ಟು ತಿಳಿಯಲಿಲ್ಲ. "ಆಂಟಿ, ರೊಟ್ಟಿ ಭಾಳ ತೆಳ್ಳಗ ಆಗ್ಯಾವ್ರಿ," ಎನ್ನುತ್ತಲೇ ಅವ್ವ ರೊಟ್ಟಿ ಬಡಿಯುವ ಚಿತ್ರ ಬರೆದುಕೊಟ್ಟಳು. ಅವ್ವ ಅದನ್ನು ಫ್ರಿಜ್ಜಿಗೆ ಅಂಟಿಸಿದಳು. ನನಗೆ ಉರಿದುಹೋಯಿತು.

"ಅವ್ವಾ, ಎರಡು ವರ್ಷದಿಂದ ನಾನೂ ಬರಿಯಾಕತ್ತೀನಿ!"

"ನಾ ಇಲ್ಲ ಅಂದೆನೇನ? ನಿನ್ನ ಹಾಳಿ ಛಲೋ ದಪ್ಪ ಅದಾವ. ಎಣ್ಣಿ ಡಬ್ಬಿ ಕೆಳಗ ಎಲ್ಲಾ ಅವನ್ನ ಹಾಸೀನಿ."

ಟಿಕಳಿ ಹಚ್ಚಿದ್ದು

ಕೊನೆಯ ವರ್ಷ ಮೇಡಂ, ಗೋಡೆಗೆ ಏರುವ ಪೋಸ್ಟರನ್ನು ನೀವೇ ಆರಿಸಿ ಎಂದು ಎಲ್ಲರ ಕೈಗೂ ಹಣೆಗೆ ಹಚ್ಚುವ ಒಂದೊಂದು ಕೆಂಪು ಟಿಕಳಿ ಕೊಟ್ಟರು. ಒಬ್ಬೊಬ್ಬರಾಗಿ ಒಳಗೆ ಹೋಗಿ, ತಮ್ಮದನ್ನು ಬಿಟ್ಟು, ಮೆಚ್ಚಿದ ಪೋಸ್ಟರಿನ ಬೆನ್ನಿಗೆ, ಬೇರೆಯವರ ಟಿಕಳಿ ನೋಡದೆ, ಅದನ್ನು ಹಚ್ಚಬೇಕು.

ಲಿಂಗಂಪಲ್ಲಿಯವಳದಕ್ಕೆ ಹಚ್ಚುವುದು ಈ ಜನ್ಮದಲ್ಲಿ ಆಗದ ಮಾತು. ಬೇರೆ ಒಳ್ಳೆಯದಕ್ಕೆ ಹಚ್ಚಿದರೆ ಅದೇ ಗೆದ್ದುಬಿಟ್ಟರೆ? ಹಿಂದಿನ ಬೆಂಚಿನ ಹುಡುಗನ ಪೋಸ್ಟರ್ ಮೇಲೆ ಚಹಾ ಚೆಲ್ಲಿತ್ತು. ಅದು ಖಂಡಿತ ಗೆಲ್ಲುವುದಿಲ್ಲವೆಂದು ಅದಕ್ಕೇ ಹಚ್ಚಿ ಹೊರಬಂದೆ.

ಕೊನೆಗೆ ಮೇಡಂ ಎಲ್ಲ ಪೋಸ್ಟರುಗಳನ್ನು ತಿರುಗಿಸಿದಾಗ ಲಿಂಗಂಪಲ್ಲಿಯವಳ ಪೋಸ್ಟರಿಗೆ ಒಂದೂ ಟಿಕಳಿ ಇಲ್ಲ. ಚಹಾದ್ದಕ್ಕೆ ನಾನು ಹಚ್ಚಿದ್ದು ಒಂದೇ. ಉಳಿದವೆಲ್ಲ ನನ್ನ ಪೋಸ್ಟರಿನ ಮೇಲೆ! ಕಣ್ಣಲ್ಲಿ ನೀರು ಬಂತು. ಅವ್ವನಿಗೆ ಫೋನ್ ಮಾಡಿಯೂ ಬಿಟ್ಟೆ. ಆಮೇಲೆ ಗೆದ್ದವಳ ಗತ್ತಿನಲ್ಲಿ ಲಿಂಗಂಪಲ್ಲಿಯವಳ ಹೆಗಲ ಮೇಲೆ ಕೈಯಿಟ್ಟು, "ಬೇಜಾರ ಮಾಡ್ಕೋಬ್ಯಾಡ," ಎಂದೆ.

"ಇಲ್ಲಬಿಡ, ನಾನೂ ನಿಂದಕ್ಕ ಹಚ್ಚೀನಿ," ಎಂದಳು.

ನಾಚಿಕೆಯಾಯಿತು. ಇಂಥವಳ ಮೇಲೆ ಇಷ್ಟು ವರ್ಷ ಉರಿದುಕೊಂಡೆನಲ್ಲ! "ಅಷ್ಟು ಹಿಡಿಸ್ತೇನ?" ಎಂದೆ.

ಅವಳು ಕ್ಲಾಸಿಗೆಲ್ಲ ತಿಳಿಯುವಂತೆ ಜೋರಾಗಿ ಹಿಂದಿಯಲ್ಲೇ ಹೇಳಿದಳು: "ಹಾಗಲ್ಲ. ನಾನು ಗೆಲ್ಲಬೇಕಿತ್ತು. ಗೆಲ್ಲುವ ಭಯವೇ ಇಲ್ಲದ ಪೋಸ್ಟರ್ ಯಾವುದೆಂದು ನೋಡಿ ಹಚ್ಚಿದೆ."

"ಅರೆ, ನೀನೂನಾ?" ಎಂದಿತು ಇಡೀ ಕ್ಲಾಸು.